ಹನ್ನೆರಡನೆಯ ಕಾರ್ಡು

ತ್ಬಿಲಿಸಿಯ ಚಳಿಗೆ ನಮ್ಮ ಕಾಲೇಜಿನ ಮೂರನೇ ಮಹಡಿ ಸುಲಭದ ತುತ್ತು.
ಇರುವ ಒಂದು ಹೀಟರಿನ ಸುತ್ತ
ಕೋಟು ಬಿಚ್ಚದೆ ಕೂತ ಹದಿನಾಲ್ಕು ಮಕ್ಕಳಿಗೆ
ನಾನು ಕಲಿಸುವುದು ದೃಶ್ಯ ಸಂವಹನ, ಎರಡನೇ ವರ್ಷ.
ಅಂದರೆ ಮಾತಿಲ್ಲದೆ ಹೇಳುವುದು,
ಹೇಳಿದ್ದು ಹೇಳಿದಷ್ಟೇ ತಲುಪುವುದು.
ಇಪ್ಪತ್ತು ವರ್ಷದಿಂದ ಇದನ್ನೇ
ಬಾಯಿ ನೋಯುವಷ್ಟು ಮಾತಾಡಿ ಹೇಳುತ್ತಿದ್ದೇನೆ.

ಆ ಸಲದ ಕೆಲಸ: ಅಂಗೈಯಗಲದ ಕಾರ್ಡು ಹನ್ನೆರಡು,
ಒಂದೇ ಬಣ್ಣ, ಅಕ್ಷರ ಕೂಡದು.
ಭಾಷೆ ಬಾರದ ಊರಲ್ಲಿ ಇಳಿದವನಿಗೆ
ಏನು ಬೇಕೋ ಅದನ್ನು ಬರೆಯಿರಿ ಅಂದೆ.
ವಿಮಾನ ಬಂತು, ಟ್ಯಾಕ್ಸಿ ಬಂತು, ವೈಫೈನ ಮೂರು ಕಮಾನು.
ಲಶಾ ಹನ್ನೆರಡರಲ್ಲೂ ಬಿಯರಿನ ಲೋಟ ಬರೆದು
ಒಂದೊಂದರಲ್ಲಿ ಒಂದೊಂದು ಗುಟುಕು ಇಳಿಸಿದ್ದ.

ಇಯಾಳದು ಬೇರೆ.
ತೆರೆದ ಕಿಟಕಿ. ಮುಚ್ಚಿದ ಕಿಟಕಿ.
ದಿಂಬು. ಚಮಚ. ರೇಡಿಯೊ.
ಮಗ್ಗುಲು ಬದಲಿಸುತ್ತಿರುವ ಮೈ.
ಚುಕ್ಕಿಯೊಂದರ ಸುತ್ತ ಚೂಪು ಗೆರೆ: ನೋವು, ಅಂದಳು.
ಒಂದು ಹನಿ.
ವಿಮಾನ ಇಳಿದು ದಿಂಬು ಕೇಳುವವನು
ಯಾವ ದೇಶದವನಮ್ಮಾ, ಎಂದೆ.
ಕ್ಲಾಸು ನಕ್ಕಿತು. ಅವಳು
ಮಫ್ಲರಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು.

ನನ್ನ ಕೆಂಪು ಪೆನ್ಸಿಲು ಹನಿಯ ಮೇಲೆ ನಿಂತಿತು.
ನೀರೋ? ಕಣ್ಣೀರೋ? ಮಳೆಯೋ?
ನಲ್ಲಿ ಸೋರುತ್ತಿದೆ ಎಂಬ ದೂರೋ?
ಗುರುತಿಗೆ ಅರ್ಥ ಒಂದೇ ಇರಬೇಕು,
ಎರಡಾದರೆ ಅದು ಗುರುತಲ್ಲ, ಗೋಜಲು.
ಮೂಲೆಯಲ್ಲಿ ಬರೆದೆ: ಅಸ್ಪಷ್ಟ.
ಹನ್ನೆರಡನೆಯದು ಖಾಲಿಯಿತ್ತು.
ಮುಗಿಸಿಲ್ಲವೆಂದು ಅರ್ಧ ಅಂಕ ಕಳೆದೆ.

ಮಾರ್ಚಿನಲ್ಲಿ
ನಮ್ಮ ಬೀದಿಯ ರೊಟ್ಟಿ ಒಲೆಯ ಮುಂದೆ, ಸಾಲಲ್ಲಿ, ಅವಳೇ.
‘ಮೇಷ್ಟ್ರೇ, ಈ ಬೋರ್ಡು ನಮ್ಮ ಚಿಕ್ಕಪ್ಪ ಬರೆದದ್ದು,
ಜುಂಬೆರ್ ಅಂತ.’
ಹನ್ನೊಂದು ವರ್ಷ ಅದರಡಿ ನಿಂತು ರೊಟ್ಟಿ ಕೊಂಡವನು
ಆಗ ತಲೆಯೆತ್ತಿದೆ.
ನೆಲಮಾಳಿಗೆಗಿಳಿಯುವ ಮೆಟ್ಟಿಲ ಮೇಲೊಂದು ತಗಡು,
ದೋಣಿಯಂಥ ರೊಟ್ಟಿ, ತುಸು ಸೊಟ್ಟ ಹಬೆ,
ನಮ್ಮ ಲಿಪಿಯ ನಾಲ್ಕೇ ಅಕ್ಷರ,
ದ್ರಾಕ್ಷಿ ಕುಡಿಯ ಹಾಗೆ ಬಾಲ ಸುತ್ತಿಕೊಂಡವು.
ಒಂದಾದರೂ ಅಳತೆಗಿಲ್ಲ, ಒಂದಾದರೂ ತಪ್ಪಿಲ್ಲ.

ಅಕ್ಟೋಬರಿನಲ್ಲಿ ಮಿದುಳಲ್ಲಿ ರಕ್ತ ಹೆಪ್ಪುಗಟ್ಟಿತಂತೆ.
ಮೊದಲು ಮಾತು ಹೋಯಿತು, ಬೆನ್ನಿಗೇ ಓದು.
‘ತಾನೇ ಬರೆದ ಅಕ್ಷರಾನ
ಗೋಡೆ ಬಿರುಕು ನೋಡೋ ಹಾಗೆ ನೋಡ್ತಾನೆ.
ಆ ಕಾರ್ಡು ಅವನವು, ಮೇಷ್ಟ್ರೇ.

‘ಮೊನ್ನೆ ರಾತ್ರಿ ಹನಿ ತೋರಿಸಿದ. ನೀರು ತಂದೆ, ತಳ್ಳಿದ.
ಮತ್ತೆ ಹನಿ. ಒದ್ದೆ ಬಟ್ಟೆ ತಂದೆ. ಅಲ್ಲ.
ಹನಿ, ಹನಿ ಅಂತ ಕಾರ್ಡು ಕುಟ್ಟಿದ, ಸಿಟ್ಟು ಬಂತು ನನಗೆ.
ಆಮೇಲೆ ಕೈಚಾಚಿ ನನ್ನ ಕೆನ್ನೆ ಒರೆಸಿದ.
ನಾನು ಅಳ್ತಾ ಇದ್ದೆ ಅಂತ
ನನಗೇ ಗೊತ್ತಿರಲಿಲ್ಲ.’

ಸಾಲು ಎರಡು ಹೆಜ್ಜೆ ಮುಂದೆ ಹೋಯಿತು.
ಮತ್ತೆ ಆ ಖಾಲಿಯದು? ಕೇಳಿದೆ,
ಮೇಷ್ಟರ ದನಿಯನ್ನು ಆದಷ್ಟು ತಗ್ಗಿಸಿ.
‘ಅದನ್ನೇ ಹೆಚ್ಚು ತೋರಿಸೋದು.
ಏನು ಅಂತ ಇನ್ನೂ ತಿಳಿದಿಲ್ಲ.
ಒಂದೊಂದು ಸಲ ತೋರಿಸಿ ನಗ್ತಾನೆ,
ಒಂದೊಂದು ಸಲ ಗೋಡೆ ಕಡೆ ತಿರುಗಿ ಮಲಗಿಬಿಡ್ತಾನೆ.
ಅಂಚು ಕೊಳೆಯಾಗಿದೆ, ಹೊಸದು ಕತ್ತರಿಸಬೇಕು.
ಯಾವ ಕಾಗದ ಒಳ್ಳೇದು?’

ಮುನ್ನೂರು ಗ್ರಾಮಿನದು, ಅಂದೆ.
ಮೂಲೆ ಗುಂಡಗೆ ಕತ್ತರಿಸು, ಸಿಬಿರೇಳುವುದಿಲ್ಲ.
ಗೊತ್ತಿದ್ದದ್ದು ಅದು, ಅದನ್ನು ಹೇಳಿದೆ.
ಅಂಕಪಟ್ಟಿ ಫೆಬ್ರವರಿಯಲ್ಲೇ ಮೊಹರು ಬಿದ್ದು
ಕಚೇರಿಯ ಕಪಾಟು ಸೇರಿತ್ತು.

ರೊಟ್ಟಿ ಬಂತು, ಕಾಗದ ಸುತ್ತಿದರೂ ಕೈ ಸುಡುವಂಥದ್ದು.
ಅವಳು ಒಂದು ಮೊನೆ ಮುರಿದು ನನ್ನತ್ತ ಚಾಚಿದಳು.
ಏನಾದರೂ ಹೇಳಬೇಕಿತ್ತು.
ಬಾಯಿಗಿಟ್ಟುಕೊಂಡೆ, ನಾಲಿಗೆ ಸುಟ್ಟಿತು.